ಸ್ಕಾಟ್ಲೆಂಡಲ್ಲಿ ಬದನೆ: ಹೂ ಬಿಡ್ತೈತಿ, ಕಾಯಿ ನಿಲ್ಲಂಗಿಲ್ಲ. ಯಾರಿಗಾದ್ರೂ ಗೊತ್ತೈತಾ?

ವಿದ್ಯಾನಗರ_ಅಪ್ಪಾಜಿ, ದಾವಣಗೆರೆ · ಜನವರಿ 11

ನಮಸ್ಕಾರ ಎಲ್ಲರಿಗೂ. ಇಷ್ಟು ದಿನ ಬರೇ ಓದ್ಕೊಂಡಿದ್ದೆ, ಬರೆಯೋದು ಇದೇ ಮೊದಲು, ಉದ್ದ ಆದ್ರೆ ಬೈಬ್ಯಾಡ್ರಿ. ನನ್ನ ಮಗಳು ಅಳಿಯ ಸ್ಕಾಟ್ಲೆಂಡಿನ ಅಬರ್ಡೀನಲ್ಲಿ ಅದಾರೆ. ಮನೆ ಹಿತ್ತಲಲ್ಲಿ ಹಳೇ ಓನರ್ ಬಿಟ್ಟೋದ ಗಾಜಿನ ಮನೆ ಐತಿ, ಆರಡಿ ಅಗಲ ಎಂಟಡಿ ಉದ್ದ, ಹೀಟರ್ ಗೀಟರ್ ಏನೂ ಇಲ್ಲ. ಹೋದ ವರ್ಷ ಅದ್ರಾಗೆ ನಮ್ಮ ಮುಳ್ಳುಗಾಯಿ ಬದನೆ ಹಾಕಿದ್ಲು, ನಾಲ್ಕು ಕುಂಡ. ಏಪ್ರಿಲಲ್ಲಿ ಬೀಜ ಹಾಕಿದ್ದು, ಹೂ ಬಂದಿದ್ದು ಜುಲೈ ಕೊನೆಗೆ. ವಿಡಿಯೋ ಕಾಲಲ್ಲಿ ನಾನೇ ನೋಡೀನಿ, ಗಿಡ ಭರ್ಜರಿ, ಎಲೆ ಒಂದೊಂದು ಮುತ್ತುಗದ ಎಲೆ ಅಗಲ. ಆದ್ರೆ ಹೂ ಅರಳಿ ಎರಡು ಮೂರು ದಿನಕ್ಕೆ ತೊಟ್ಟು ಹಳದಿಯಾಗಿ ಕಳಚ್ಕೊಂಡು ಬೀಳ್ತಿದ್ವು. ಅಕ್ಟೋಬರ್ ತನಕ ಕಾದು ಸಿಕ್ಕಿದ್ದು ನಿಂಬೆಹಣ್ಣಿನ ಗಾತ್ರದ್ದು ಒಂದೇ ಒಂದು ಕಾಯಿ. ಅದನ್ನೂ ಬಿಡದೆ ಎಣ್ಣೆಗಾಯಿ ಮಾಡಿ ಫೋಟೋ ಕಳಿಸಿದ್ಲು, ಅವರಮ್ಮ ಇಲ್ಲಿ ಫೋಟೋ ನೋಡಿ ಕಣ್ಣೀರು.

ಈ ಸಲ ಏಪ್ರಿಲ್ ಕೊನೆಗೆ ನಾವಿಬ್ರೂ ಹೋಗ್ತಾ ಇದೀವಿ, ಆರು ತಿಂಗಳಿಗೆ. ಅಲ್ಲಿ ಸುಮ್ನೆ ಕುಂತು ಟೀವಿ ನೋಡಾಕೆ ನನ್ನ ಕೈಲಿ ಆಗಂಗಿಲ್ಲ. ಬದನೆ ಬೆಳೆದೇ ತೀರಬೇಕು ಅಂತ ಹಟ ಬಂದೈತಿ. ತಪ್ಪು ಎಲ್ಲಾಗಿರ್ಬೋದು? ಗೊಬ್ಬರ ಕಮ್ಮಿ ಆತಾ, ಚಳಿಗಾ, ಗಾಳಿ ಇಲ್ಲದಕ್ಕಾ?

ಮಂಡಕ್ಕಿ_ಮಿರ್ಚಿ

ಸಾರ್ ದಾವಣಗೆರೆಯಿಂದ ಹೋಗಿ ಬದನೆಕಾಯಿ ಬೆಳೀತೀನಿ ಅಂತೀರಲ್ಲ, ಒಂದು ಬೆಣ್ಣೆ ದೋಸೆ ಹೋಟೆಲ್ ಇಡ್ರಿ, ಕಾಯಿಗಿಂತ ಬೇಗ ಬರುತ್ತೆ ಫಲ 😄

ಚಳ್ಳಕೆರೆ_ಶೇಂಗಾ

ಗೊಬ್ಬರ ಜಾಸ್ತಿ ಆಗಿರ್ತದೆ ಕಣ್ರೀ. ಎಲೆ ಮುತ್ತುಗದ ಎಲೆ ಥರ ಅಗಲ ಅಂದ್ರೆ ಯೂರಿಯಾ ತಿಂದು ಸೊಕ್ಕೈತೆ ಅಂತ ಅರ್ಥ. ಸೊಕ್ಕಿದ ಗಿಡ ಕಾಯಿ ಬಿಡಲ್ಲ. ನಮ್ಮಪ್ಪ ಹಿಂಗಾದ್ರೆ ಒಂದು ವಾರ ನೀರು ನಿಲ್ಸೋರು, ಬಾಡಿಸೋರು, ಆಮೇಲೆ ನೋಡಿ ಹೂ ನಿಂತ್ಕೊಳ್ತಿತ್ತು. ಚಳಿ ಪಳಿ ಏನಿಲ್ಲ, ನಮ್ಮಲ್ಲೂ ಡಿಸೆಂಬರಲ್ಲಿ ಚಳಿ ಇರ್ತದೆ ಬದನೆ ಬರಲ್ವಾ?

ನರ್ಸರಿ_ಹರಿಹರ

ಯಜಮಾನ್ರೇ ನಿಮ್ಮ ಡಿಸೆಂಬರ್ ಚಳಿ ಅಂದ್ರೆ ರಾತ್ರಿ 14-15 ಡಿಗ್ರಿ, ಹಗಲು ಮತ್ತೆ 28-30ಕ್ಕೆ ಹೋಗ್ತೈತಿ. ಅಬರ್ಡೀನಲ್ಲಿ *ಜುಲೈ* ತಿಂಗಳ ಹಗಲೇ 18 ಡಿಗ್ರಿ ಆಸುಪಾಸು, ರಾತ್ರಿ 10-11. ಅಂದ್ರೆ ಅವ್ರ ಬೇಸಿಗೆ ಮಧ್ಯಾಹ್ನ ನಮ್ಮ ಚಳಿಗಾಲದ ಬೆಳಗಿನ ಜಾವ ಇದ್ದಂಗೆ. ಅದಕ್ಕೇ ಗಾಜಿನ ಮನೆ ಬೇಕಾಗಿರೋದು.

ಬದನೆಗೆ ಹಗಲು 21ರಿಂದ 30 ಬೇಕು. ರಾತ್ರಿ 15ಕ್ಕಿಂತ ಕೆಳಗೆ ಹೋದ್ರೆ ಪರಾಗ ಸರಿಯಾಗಿ ಕೆಲಸ ಮಾಡಲ್ಲ, ಹೂ ಉದುರ್ತೈತಿ. ಗಿಡ ಸಾಯಲ್ಲ, ಎಲೆ ಹಸಿರಾಗೇ ಇರ್ತೈತಿ, ಅದಕ್ಕೇ ಜನಕ್ಕೆ ಮೋಸ ಆಗೋದು. ಯೂರಿಯಾ ಮಾತು ಪೂರ್ತಿ ಸುಳ್ಳಲ್ಲ ಆದ್ರೆ ಇಲ್ಲಿ ಮೊದಲ ಕಾರಣ ಅದಲ್ಲ.

ಇನ್ನೊಂದು, ಏಪ್ರಿಲಲ್ಲಿ ಬೀಜ ಹಾಕಿದ್ದು ದೊಡ್ಡ ತಪ್ಪು. ಜುಲೈ ಕೊನೆಗೆ ಹೂ ಬಂದ್ರೆ ಕಾಯಿ ಬಲಿಯೋ ಹೊತ್ತಿಗೆ ಅಲ್ಲಿ ಚಳಿ ಶುರು.

ಕೆಂಡಸಂಪಿಗೆ_ಗ್ಲಾಸ್ಗೋ

ನಮಸ್ತೆ, ನಾನು ದುರ್ಗದವಳು, ಜೋಗಿಮಟ್ಟಿ ರಸ್ತೆ. ಹನ್ನೆರಡು ವರ್ಷದಿಂದ ಗ್ಲಾಸ್ಗೋದಲ್ಲಿದೀನಿ. ಅಪ್ಪಾಜಿ ಅವರೇ, ನಿಮ್ಮ ಮಗಳ ಕಥೆ ನನ್ನ ಮೊದಲ ಮೂರು ವರ್ಷದ ಕಥೆ, ಒಂದಕ್ಷರ ವ್ಯತ್ಯಾಸ ಇಲ್ಲ.

ನಾನು ಕಲಿತಿದ್ದು ಹೇಳ್ತೀನಿ. ಬೀಜ ಫೆಬ್ರವರಿ ಶುರುವಲ್ಲೇ ಹಾಕಬೇಕು, ಮನೆ ಒಳಗೆ. ಮೊಳಕೆಗೆ 25 ಡಿಗ್ರಿ ಹತ್ರ ಬೇಕು, ಇಲ್ಲಿ ಅಡುಗೆಮನೆ ಕಿಟಕಿ ಹತ್ರನೂ ಅಷ್ಟಿರಲ್ಲ, ಅದಕ್ಕೆ ಕೆಳಗಿಂದ ಬಿಸಿ ಮಾಡೋ ಮ್ಯಾಟ್ ಇಲ್ಲಾ ಪ್ರಾಪಗೇಟರ್ (ಬಿಸಿ ಆಗೋ, ಮುಚ್ಚಳ ಇರೋ ಸಸಿ ತಟ್ಟೆ) ಬೇಕು. ನಾನು ಮೊದಲು ರೂಟರ್ ಮೇಲೆ ಇಟ್ಟು ಮೊಳಕೆ ಬರಿಸಿದೀನಿ, ನಗಬೇಡಿ. ಮೊಳಕೆ ಬಂದ ಮೇಲೆ ಬೆಳಕು ಸಾಲಲ್ಲ, ಫೆಬ್ರವರಿಯಲ್ಲಿ ಹಗಲೇ ಒಂಬತ್ತು ಹತ್ತು ಗಂಟೆ, ಅದೂ ಮೋಡ. ಸಸಿ ನೂಲಿನ ಥರ ಉದ್ದಕ್ಕೆ ಹೋಗಿ ಮಲಗುತ್ತೆ. ಒಂದು ಎಲ್‌ಇಡಿ ಲೈಟ್ ತಗೊಳ್ಳಿ. ಹೀಟರ್ ಇಲ್ಲದ ಗಾಜಿನ ಮನೆಗೆ ಮೇ ಕೊನೆವರೆಗೂ ಸಾಗಿಸಬೇಡಿ, ಇಲ್ಲಿ ಮೇ ಕೊನೇವರೆಗೆ ರಾತ್ರಿ ಇಬ್ಬನಿ ಹೆಪ್ಪುಗಟ್ಟೋ ಚಳಿ ಬರಬಹುದು.

ಇನ್ನೊಂದು, ಮುಳ್ಳುಗಾಯಿ ಬೀಜ ಬಿಟ್ಟುಬಿಡಿ. ಆ ತಳಿ ನಮ್ಮೂರ ಬಿಸಿಲಿಗೆ ಆಗಿಬಂದಿರೋದು, ಇಲ್ಲಿಯ ಬೇಸಿಗೆ ಅದಕ್ಕೆ ಸಾಲಲ್ಲ. ಬೇಗ ಬರೋ ತಳಿ ಬೇಕು. ದೊಡ್ಡದಕ್ಕೆ ಬೋನಿಕಾ, ಮನಿಮೇಕರ್. ಎಣ್ಣೆಗಾಯಿಗೆ ಬೇಬಿ ರೋಸಾನಾ ಅಂತ ಇದೆ, ಕುಳ್ಳ ಗಿಡ, ಗಾಲ್ಫ್ ಚೆಂಡಿನಷ್ಟು ದುಂಡು ನೇರಳೆ ಕಾಯಿ, ಮುಳ್ಳಿಲ್ಲ.

ಚಳ್ಳಕೆರೆ_ಶೇಂಗಾ

ಮುಳ್ಳಿಲ್ಲದ ಮುಳ್ಳುಗಾಯಿ 😂 ಬೀಜ ಇಲ್ಲದ ಶೇಂಗಾನೂ ಸಿಗ್ತದಾ ತಾಯಿ ಅಲ್ಲಿ

ವಿದ್ಯಾನಗರ_ಅಪ್ಪಾಜಿ

ಅಯ್ಯೋ ಎಷ್ಟು ವಿವರವಾಗಿ ಹೇಳಿದ್ರಿ ತಾಯಿ, ಮಗಳಿಗೆ ಹಂಗೇ ಫಾರ್ವರ್ಡ್ ಮಾಡೀನಿ. ಬೀಜ ಅವರಮ್ಮನೇ ಕೊಟ್ಟಿದ್ದು, ಹೋದ ಸಲ ಅವ್ಳು ಬಂದಾಗ ಉಪ್ಪಿನಕಾಯಿ ಡಬ್ಬಿ ಪಕ್ಕ ಒಂದು ಪೊಟ್ಟಣ ಇಟ್ಟಿದ್ಲು. ಈ ಸಲಾನೂ ಒಂದು ಪೊಟ್ಟಣ ರೆಡಿ ಮಾಡಿ ಇಟ್ಕಂಡು ಕುಂತಾಳೆ.

ಎಂಎಸ್ಸಿ_ಹಾರ್ಟಿ

ಸಾರ್ ದಯವಿಟ್ಟು ಒಯ್ಯಬೇಡಿ. ನಮ್ಮ ದೇಶದಿಂದ ಬ್ರಿಟನ್ನಿಗೆ ಬದನೆ ಬೀಜ ಹೋಗಬೇಕಂದ್ರೆ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಬೇಕು, ಅಂದ್ರೆ ರೋಗ ಹುಳ ಇಲ್ಲ ಅಂತ ಸರ್ಕಾರ ಕೊಡೋ ಪತ್ರ. ಬ್ಯಾಗಲ್ಲಿ ಸಿಕ್ಕಿದ್ರೆ ಕಿತ್ಕೊಂಡು ನಾಶ ಮಾಡ್ತಾರೆ. ಸುಮ್ನೆ ರೂಲ್ಸ್ ಅಂತಲ್ಲ, ಬೀಜದ ಜೊತೆ ರೋಗ ಹೋಗುತ್ತೆ, ಟೊಮೆಟೊ ಬದನೆ ಆಲೂಗಡ್ಡೆ ಮೆಣಸಿನಕಾಯಿ ಎಲ್ಲ ಒಂದೇ ಮನೆತನದವು, ಒಂದಕ್ಕೆ ಬಂದ ಕಾಯಿಲೆ ನೆಂಟರ ಮನೆಗೂ ಹೋಗುತ್ತೆ.

ಮಂಡಕ್ಕಿ_ಮಿರ್ಚಿ

ಆಂಟಿ ಪೊಟ್ಟಣ ಅರೆಸ್ಟ್ ಆಗುತ್ತೆ

ಹಿರಿಯೂರು_ಪಾಲಿಹೌಸ್

ತಡವಾಗಿ ಬರ್ತಿದೀನಿ. ಎಲ್ರೂ ಚಳಿ ಚಳಿ ಅಂತಿದೀರಿ, ನಾನು ಉಲ್ಟಾ ಹೇಳ್ತೀನಿ. ನಂದು ಹಿರಿಯೂರು ಹತ್ರ ಅರ್ಧ ಎಕರೆ ಪಾಲಿಹೌಸ್ ಇತ್ತು, 200 ಮೈಕ್ರಾನ್ ಶೀಟು, ಕ್ಯಾಪ್ಸಿಕಂ ಹಾಕಿದ್ದೆ, ಒಂದು ಬದಿ ಎರಡು ಸಾಲು ಬದನೆ. ಮೊದಲ ಏಪ್ರಿಲಲ್ಲಿ ಸೈಡ್ ಪರದೆ ಎತ್ತೋದು ಮರ್ತು ಮದುವೆಗೆ ಹೋಗಿದ್ದೆ, ಬಂದು ನೋಡಿದ್ರೆ ಒಳಗೆ 45 ಡಿಗ್ರಿ, ಹೂ ಎಲ್ಲಾ ಹುರಿದ ಕಡ್ಲೆ ಥರ ನೆಲದ ಮೇಲೆ. 35 ದಾಟಿದ್ರೂ ಬದನೆ ಪರಾಗ ಸಾಯ್ತದೆ. ಈಗ ಆ ಗಾಜಿನ ಮನೆ ನೋಡಿ, ಆರಡಿ ಎಂಟಡಿ, ಗೂಡು ಅಷ್ಟೇ. ಬಿಸಿಲು ಬಿದ್ದ ದಿನ ಬಾಗಿಲು ಮುಚ್ಚಿದ್ರೆ ಅದೂ 38-40ಕ್ಕೆ ಹೋಗ್ತದೆ, ಸ್ಕಾಟ್ಲೆಂಡ್ ಆದ್ರೇನು ಎಲ್ಲಾದ್ರೇನು. ಮಗಳು ಅಳಿಯ ಇಬ್ರೂ ಕೆಲಸಕ್ಕೆ ಹೋಗೋರಲ್ವಾ? ಬೆಳಿಗ್ಗೆ ಮುಚ್ಚಿ ಹೋದ್ರೆ ಸಾಯಂಕಾಲವೇ ತೆಗೆಯೋದು. ಹಗಲು ಬೇಯ್ತದೆ, ರಾತ್ರಿ ನಡುಗ್ತದೆ. ಎರಡು ಕಡೆಯಿಂದ ಏಟು.

ಒಂದು ಮ್ಯಾಕ್ಸಿಮಮ್ ಮಿನಿಮಮ್ ಥರ್ಮಾಮೀಟರ್ ತಗೊಂಡು ಗಿಡದ ಎತ್ತರಕ್ಕೆ ನೇತುಹಾಕಿ, ನೆರಳಲ್ಲಿ. ಮೊದಲು ಅದು, ಮಿಕ್ಕಿದ್ದೆಲ್ಲ ಆಮೇಲೆ. ಅಳತೆ ಇಲ್ಲದೆ ನಾವಿಲ್ಲಿ ಕೂತು ಗಿಣಿಶಾಸ್ತ್ರ ಹೇಳ್ತಿದೀವಿ.

ನರ್ಸರಿ_ಹರಿಹರ

ಇದು ಒಪ್ಪೋ ಮಾತು. ನಾನು ರಾತ್ರಿ ಒಂದೇ ಯೋಚ್ನೆ ಮಾಡಿದ್ದೆ. ಆದ್ರೆ 'ಇತ್ತು' ಅಂದ್ರಲ್ಲ, ಪಾಲಿಹೌಸ್ ಏನಾತು?

ಹಿರಿಯೂರು_ಪಾಲಿಹೌಸ್

ಗಾಳಿ ಸಾರ್. ದುರ್ಗದ ಗುಡ್ಡದ ಮೇಲೆ ಯಾಕೆ ಅಷ್ಟು ಗಾಳಿಯಂತ್ರ ನಿಲ್ಸವ್ರೆ? ಪುಕ್ಸಟ್ಟೆಗಲ್ಲ. ಆಷಾಢದಲ್ಲಿ ಒಂದು ರಾತ್ರಿ ಶೀಟು ಪಟಪಟ ಅಂತ ಶುರು ಮಾಡ್ತು, ಬೆಳಿಗ್ಗೆಗೆ ಅರ್ಧ ಶೀಟು ಪಕ್ಕದವ್ರ ದಾಳಿಂಬೆ ತೋಟದಲ್ಲಿ ಹಾಸಿತ್ತು. ಕಟ್ಟಿಕೊಟ್ಟೋರು 'ಶೀಟಿಗೆ ಗ್ಯಾರಂಟಿ, ಗಾಳಿಗಲ್ಲ' ಅಂದ್ರು. ಹೆಸರು ಬೇಡ ಬಿಡಿ. ಈಗ ಕಂಬ ಉಳಿದಿದೆ, ಅದಕ್ಕೆ 50 ಪರ್ಸೆಂಟ್ ನೆರಳು ಬಲೆ ಕಟ್ಟಿ ಸಸಿ ಮಾಡ್ತಿದೀನಿ.

ನೋಡಿ ತಮಾಷೆ, ನಾವು ಬಿಸಿಲು ತಡೆಯೋಕೆ ಮುಚ್ತೀವಿ, ಅವ್ರು ಬಿಸಿಲು ಹಿಡಿಯೋಕೆ ಮುಚ್ತಾರೆ.

ಮಂಡಕ್ಕಿ_ಮಿರ್ಚಿ

ಹಿರಿಯೂರಣ್ಣ ವಾಣಿವಿಲಾಸ ಡ್ಯಾಂ ಈಗ ಎಷ್ಟಿದೆ ನೀರು

ಹಿರಿಯೂರು_ಪಾಲಿಹೌಸ್

ಆರಾಮಾಗೈತೆ. 1933ರ ಮೇಲೆ 2022ರಲ್ಲಿ ಕೋಡಿ ಬಿದ್ದಿದ್ದು, ನಮ್ಮ ತಾತ ಹೇಳ್ತಿದ್ದ ಕೋಡಿ ಕಥೆ ನಾವೂ ಕಣ್ಣಲ್ಲಿ ನೋಡ್ದಂಗಾಯ್ತು. ಅವತ್ತು ಕಣಿವೆ ರೋಡಲ್ಲಿ ಬೈಕ್ ನಿಲ್ಸೋಕೆ ಜಾಗ ಇರ್ಲಿಲ್ಲ.

ಅಡ್ಮಿನ್

ಡ್ಯಾಂ ವಿಷಯಕ್ಕೆ ಬೇರೆ ಪೋಸ್ಟ್ ಹಾಕಿ. ಇಲ್ಲಿ ಬದನೆಕಾಯಿ.

ದುರ್ಗದ_ಮೇಷ್ಟ್ರು

ಬದನೆಕಾಯಿಯ ವಿಷಯವೇ ಹೇಳುತ್ತೇನೆ ಅಡ್ಮಿನ್ ಸಾಹೇಬರೇ. ಇದು ನಮ್ಮ ಕಡೆಯ ಬೆಳೆ, ದಕ್ಷಿಣ ಏಷ್ಯಾದ್ದು. ಸಂಸ್ಕೃತದ 'ವಾತಿಂಗಣ' ಪರ್ಷಿಯನ್ನರ ಬಾಯಲ್ಲಿ ಬಾದಿಂಗಾನ್ ಆಗಿ, ಅರಬರ ಬಾಯಲ್ಲಿ ಅಲ್-ಬಾದಿಂಜಾನ್ ಆಗಿ, ಅಲ್ಲಿಂದ ಒಂದು ಕವಲು ಪೋರ್ಚುಗೀಸರ ಮೂಲಕ 'ಬ್ರಿಂಜಾಲ್' ಎಂದು ನಮ್ಮ ಮನೆಗೇ ವಾಪಸ್ ಬಂತು, ಇನ್ನೊಂದು ಕವಲು ಫ್ರಾನ್ಸಿಗೆ ಹೋಗಿ 'ಓಬರ್ಜೀನ್' ಆಯಿತು. ಒಂದೇ ತಾಯಿಯ ಮಕ್ಕಳು. ಇಂಗ್ಲೆಂಡಿನಲ್ಲಿ ಜಾನ್ ಜೆರಾರ್ಡ್ ಎಂಬ ತೋಟಗಾರ 1597ರಲ್ಲೇ ಬರೆದಿದ್ದಾನೆ: ಲಂಡನ್ನಿನಲ್ಲಿ ಗಿಡ ಹೂ ಬಿಟ್ಟಿತು, ಹಣ್ಣಾಗುವ ಮೊದಲೇ ಚಳಿಗಾಲ ಬಂದು ಸತ್ತಿತು, ಒಂದು ವರ್ಷ ಹವೆ ಚೆನ್ನಾಗಿದ್ದಾಗ ಹೆಬ್ಬಾತಿನ ಮೊಟ್ಟೆಯಷ್ಟು ಕಾಯಿ ಆಯಿತು ಆದರೆ ಪೂರ್ತಿ ಬಲಿಯಲಿಲ್ಲ ಎಂದು. ಅಂದರೆ ಅಪ್ಪಾಜಿಯವರ ಮಗಳ ದೂರು ನಾನೂರು ವರ್ಷ ಹಳೆಯದು.

ವಿದ್ಯಾನಗರ_ಅಪ್ಪಾಜಿ

ಮೇಷ್ಟ್ರೇ ಇದನ್ನ ಮಗಳಿಗೆ ಓದಿ ಹೇಳಿದೆ, 'ಹಂಗಾದ್ರೆ ನಂದು ತಪ್ಪಿಲ್ಲ' ಅಂದ್ಲು.

ಎಂಎಸ್ಸಿ_ಹಾರ್ಟಿ

ಒಂದು ವಿಷಯ ಯಾರೂ ಹೇಳಿಲ್ಲ. ಹೂವನ್ನ ಹತ್ರದಿಂದ ನೋಡಿ ಸಾರ್. ಬದನೆ ಹೂ ಮಧ್ಯೆ ಹಳದಿ ಕೇಸರದ ಕೊಳವೆಗಳು ಗುಂಪಾಗಿ ನಿಂತಿರ್ತವೆ, ಅದ್ರ ನಡುವಿಂದ ಹಸಿರು ಕಡ್ಡಿ ಥರ ಶಲಾಕೆ ಬರುತ್ತೆ. ಆ ಹಸಿರು ತುದಿ ಹಳದಿಗಿಂತ ಮೇಲೆ ಇಣುಕಿದ್ರೆ ಆ ಹೂ ಕಾಯಿ ಕಟ್ಟುತ್ತೆ. ಒಳಗೇ ಮುಳುಗಿ ಕಾಣ್ದೇ ಇದ್ರೆ ಅದು ಗಿಡ್ಡ ಶಲಾಕೆ ಹೂ, ನೀವು ಏನ್ ಪೂಜೆ ಮಾಡಿದ್ರೂ ಉದುರುತ್ತೆ. ಒಂದೇ ಗಿಡದಲ್ಲಿ ಎರಡೂ ಥರ ಇರ್ತವೆ. ಗಿಡಕ್ಕೆ ಕಷ್ಟ ಆದಾಗ ಗಿಡ್ಡದ್ದು ಜಾಸ್ತಿ. ಹಾಗಾಗಿ ಉದುರಿದ ಹೂವೆಲ್ಲ ನಷ್ಟ ಅಂತ ಅಂದ್ಕೋಬೇಡಿ.

ಎರಡನೇದು ದುಂಬಿ. ಬದನೆ ಪರಾಗ ಕೊಳವೆ ಒಳಗಿರುತ್ತೆ, ತುದಿಯಲ್ಲಿ ಸಣ್ಣ ತೂತು, ಉಪ್ಪಿನ ಡಬ್ಬಿ ಥರ. ಅಲ್ಲಾಡಿಸಿದ್ರೆ ಮಾತ್ರ ಉದುರುತ್ತೆ. ಜೇನುನೊಣಕ್ಕೆ ಅದು ಬರಲ್ಲ. ನಮ್ಮಲ್ಲಿ ಕಟ್ಟಿಗೆ ಕೊರೆಯೋ ಕರೀ ದುಂಬಿ, ಅವ್ರಲ್ಲಿ ಬಂಬಲ್‌ಬೀ, ಇವು ಹೂ ತಬ್ಬಿಕೊಂಡು ರೆಕ್ಕೆ ಆಡಿಸದೆ ಮೈ ಮಾತ್ರ 'ಝೂಂ' ಅಂತ ನಡುಗಿಸ್ತವೆ, ಆಗ ಪುಡಿ ಬೀಳುತ್ತೆ. ಮುಚ್ಚಿದ ಗಾಜಿನ ಮನೇಲಿ ದುಂಬಿ ಎಲ್ಲಿಂದ ಬರ್ಬೇಕು? ಗಾಳಿನೂ ಇಲ್ಲ.

ಕೆಂಡಸಂಪಿಗೆ_ಗ್ಲಾಸ್ಗೋ

ಅದಕ್ಕೇ ಎಲೆಕ್ಟ್ರಿಕ್ ಟೂತ್‌ಬ್ರಷ್! ಹೂವಿನ ತೊಟ್ಟಿಗೆ ಹಿಂದಿನಿಂದ ಎರಡು ಸೆಕೆಂಡ್ ತಾಗಿಸಿ, ಬೆಳಿಗ್ಗೆ ಹತ್ತು ಹನ್ನೊಂದು ಗಂಟೆಗೆ. ಬಿಸಿಲಿಗೆ ಹಿಡಿದು ನೋಡಿದ್ರೆ ಹಳದಿ ಪುಡಿ ಹಾರೋದು ಕಣ್ಣಿಗೆ ಕಾಣುತ್ತೆ. ನನ್ನ ಗಂಡ ಒಂದು ದಿನ ಗೊತ್ತಿಲ್ದೆ ಅದೇ ಬ್ರಷ್ಷಲ್ಲಿ ಹಲ್ಲುಜ್ಜಿದ್ರು, ಆಮೇಲೆ ಬೇರೆ ಬಣ್ಣದ್ದು ತಂದೆ.

ಮಂಡಕ್ಕಿ_ಮಿರ್ಚಿ

ಭಾವನಿಗೆ ಕಾಯಿ ಕಟ್ಲಿಲ್ಲ ತಾನೇ

ಚಳ್ಳಕೆರೆ_ಶೇಂಗಾ

ಬದನೆ ಗಿಡಕ್ಕೆ ಹಲ್ಲುಜ್ಜಿಸೋ ಕಾಲ ಬಂತು. ನಮ್ಮ ಅಜ್ಜಿ ಕೇಳಿದ್ರೆ ಎದ್ದು ಬರೋಳು.

ನರ್ಸರಿ_ಹರಿಹರ

ಇನ್ನೊಂದು ದಾರಿ, ಕಸಿ ಸಸಿ. ನಾನು ಇಲ್ಲಿ ಸುಂಡೆಕಾಯಿ ಬೇರಿಗೆ ಬದನೆ ಕಸಿ ಮಾಡಿ ಮಾರ್ತೀನಿ, ಸೊರಗು ರೋಗಕ್ಕೆ ಬೇರುಗಂಟು ಹುಳಕ್ಕೆ ತಡ್ಕೊಳ್ತೈತಿ. ಬ್ರಿಟನ್ನಲ್ಲೂ ಕಸಿ ಬದನೆ ಸಸಿ ಸಿಗ್ತಾವೆ, ಅಲ್ಲಿ ರೋಗಕ್ಕಿಂತ ತಂಪು ಮಣ್ಣಲ್ಲಿ ಬೇರು ಚುರುಕಾಗಿರ್ಲಿ, ಬೇಗ ಕಾಯಿಗೆ ಬರ್ಲಿ ಅಂತ. ಫೆಬ್ರವರಿ ತಲೆನೋವು ಬ್ಯಾಡ ಅಂದ್ರೆ ಮೇನಲ್ಲಿ ಅದನ್ನೇ ತಗೋಬೋದು. ಕಸಿ ಗಂಟು ಮಣ್ಣೊಳಗೆ ಹೂಳಬ್ಯಾಡ್ರಿ ಅಷ್ಟೇ.

ಚಳ್ಳಕೆರೆ_ಶೇಂಗಾ

ಕಸಿ, ಹೈಬ್ರಿಡ್ಡು, ಆಮೇಲೆ ಆ ಬೇರೆ ಜೀವಿ ಜೀನ್ ಸೇರಿಸಿದ ಬಿಟಿ ಬದನೆ ಅಂತೀರಿ. 2010ರಲ್ಲಿ ಅದನ್ನ ನಿಲ್ಸಿದ್ದು ಒಳ್ಳೇದೇ ಆಯ್ತು.

ಎಂಎಸ್ಸಿ_ಹಾರ್ಟಿ

ಕಸಿಗೂ ಬಿಟಿಗೂ ಸಂಬಂಧ ಇಲ್ಲ ಅಣ್ಣ. ಬಿಟಿ ಬದನೆ ಕಾಯಿಕೊರಕ ಹುಳಕ್ಕೆ ಅಂತ ಮಾಡಿದ್ದು, ಅದಕ್ಕೆ ಸರ್ಕಾರ ತಡೆ ಹಾಕಿದ್ದು ಫೆಬ್ರವರಿ 2010. ಅಬರ್ಡೀನಲ್ಲಿ ಆ ಹುಳನೇ ಇಲ್ಲ.

ಚಳ್ಳಕೆರೆ_ಶೇಂಗಾ

ಹುಳ ಇಲ್ವಾ?! ಹಂಗಾದ್ರೆ ಏನ್ ಕಷ್ಟ ಅವ್ರಿಗೆ. ನಾವು ವಾರಕ್ಕೊಂದು ಸಲ ಬಾಡಿದ ಕುಡಿ ಕಿತ್ತು ಸುಡ್ತಾ ಕೂತಿದೀವಿ.

ಕೆಂಡಸಂಪಿಗೆ_ಗ್ಲಾಸ್ಗೋ

ಇಲ್ಲಿ ಬೇರೆ ನೆಂಟರು ಇದಾರೆ. ಗಾಜಿನ ಮನೆ ಒಣಗಿ ಬಿಸಿ ಆದ್ರೆ ಕೆಂಪು ನುಸಿ, ಎಲೆ ಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕಿ, ಹಿಂದೆ ಸಣ್ಣ ಬಲೆ. ನೆಲಕ್ಕೆ ನೀರು ಚಿಮುಕಿಸಿ ತೇವ ಇಟ್ಟರೆ ಕಮ್ಮಿ. ಅದನ್ನ ತಿನ್ನೋ ಬೇಟೆ ನುಸಿ ಅಂಚೆಯಲ್ಲಿ ಬರುತ್ತೆ, ಬಿಳಿ ನೊಣಕ್ಕೆ ಸಣ್ಣ ಕಣಜದ ಮೊಟ್ಟೆ ಇರೋ ಕಾರ್ಡ್ ಬರುತ್ತೆ, ಗಿಡಕ್ಕೆ ನೇತುಹಾಕೋದು.

ಎಂಎಸ್ಸಿ_ಹಾರ್ಟಿ

ಒಂದು ತಿದ್ದುಪಡಿ ಅಕ್ಕ, ಕಾರ್ಡಲ್ಲಿ ಇರೋದು ಕಣಜದ ಮೊಟ್ಟೆ ಅಲ್ಲ, ಕಣಜ ಒಳಗೆ ಬೆಳೀತಿರೋ ಬಿಳಿನೊಣದ ಮರಿಗಳು, ಕರ್ರಗಾಗಿರ್ತವೆ. ಅದ್ರಿಂದ ಕಣಜ ಹೊರಗೆ ಬರುತ್ತೆ. ಮತ್ತೆ ನೆಲ ತೇವ ಬೆಳಿಗ್ಗೆ ಮಾತ್ರ ಮಾಡಿ, ಸಂಜೆ ತೇವ ಉಳಿದು ರಾತ್ರಿ ತಂಪಾದ್ರೆ ಬೂದು ಬೂಷ್ಟು ಬರುತ್ತೆ, ಉದುರಿದ ಹೂವಿನ ಎಸಳು ಕಾಯಿಗೆ ಅಂಟಿರೋ ಕಡೆಯಿಂದಲೇ ಶುರು.

ಕೆಂಡಸಂಪಿಗೆ_ಗ್ಲಾಸ್ಗೋ

ಸರಿ ಮೇಡಂ / ಸರ್, ಒಪ್ಪಿದೆ 🙏 ನಾನು ಸಂಜೆ ನೀರು ಹಾಕೋಳು, ಬೂಷ್ಟು ಯಾಕೆ ಅಂತ ಈಗ ಗೊತ್ತಾಯ್ತು.

ವಿದ್ಯಾನಗರ_ಅಪ್ಪಾಜಿ · ಮೇ 19

ಅಬರ್ಡೀನಿಂದ ನಮಸ್ಕಾರ. ಬಂದು ಮೂರು ವಾರ ಆತು. ಮಗಳು ಫೆಬ್ರವರಿ 6ಕ್ಕೇ ಬೀಜ ಹಾಕಿದ್ಲು, ಬೇಬಿ ರೋಸಾನಾ ಮೂರು ಸಸಿ ಗಟ್ಟಿಯಾಗಿ ಬಂದಾವೆ. ಎರಡು ಬೋನಿಕಾ, ಒಂದು ಕಸಿ ಸಸಿ ಕೊಂಡು ತಂದ್ವಿ. ಎಲ್ಲ ಇನ್ನೂ ಮನೆ ಹಾಲ್‌ನಲ್ಲೇ ಅದಾವೆ, ಸೋಫಾದ ಮೇಲೆ ಕೂರಾಕೆ ಜಾಗ ಇಲ್ಲ.

ಥರ್ಮಾಮೀಟರ್ ಖಾಲಿ ಗಾಜಿನ ಮನೇಲಿ ಹತ್ತು ದಿನದಿಂದ ನೇತಾಕೀನಿ. ದಿನಾ ಬರ್ಕೊಂತೀನಿ. ಹೋದ ಗುರುವಾರ ಬಿಸಿಲಿತ್ತು, ಹಗಲು 37, ಅದೇ ರಾತ್ರಿ 6! ಹೊರಗೆ 4 ಇತ್ತು. ಅಂದ್ರೆ ಗಾಜು ರಾತ್ರಿ ಬರೇ ಎರಡು ಡಿಗ್ರಿ ಉಳಿಸ್ತೈತಿ. ನಾನು ಗಾಜಿನ ಮನೆ ಅಂದ್ರೆ ರಾತ್ರಿನೂ ಬೆಚ್ಚಗಿರ್ತೈತಿ ಅನ್ಕೊಂಡಿದ್ದೆ. ಹಿರಿಯೂರಿನವ್ರೂ ಹರಿಹರದವ್ರೂ ಇಬ್ರೂ ಗೆದ್ರಿ.

ಹಿರಿಯೂರು_ಪಾಲಿಹೌಸ್

😎 ಈಗ ಹಗಲಿಗೆ ಚಾವಣಿ ಕಿಟಕಿಗೆ ತಾನಾಗೇ ತೆಗೆಯೋ ಪಿಸ್ಟನ್ ಹಾಕ್ಸಿ. ಒಳಗೆ ಮೇಣ ಇರ್ತದೆ, ಬಿಸಿಗೆ ಹಿಗ್ಗಿ ಕಿಟಕಿ ದೂಡ್ತದೆ, ತಣ್ಣಗಾದ್ರೆ ಮುಚ್ಕೊಳ್ತದೆ. ಕರೆಂಟ್ ಬೇಡ. ನನಗೆ ಇದು ಮೊದಲೇ ಗೊತ್ತಿದ್ರೆ ಆ ಮದುವೆ ಊಟ ನೆಮ್ಮದಿಯಾಗಿ ಮಾಡ್ತಿದ್ದೆ. ರಾತ್ರಿಗೆ ಕಪ್ಪು ಬಣ್ಣ ಬಳಿದ ಡ್ರಮ್ಮಲ್ಲಿ ನೀರು ತುಂಬಿ ಗಿಡದ ಹಿಂದೆ ಇಡಿ, ಹಗಲು ಕಾಯ್ದ ನೀರು ರಾತ್ರಿ ನಿಧಾನಕ್ಕೆ ಬಿಸಿ ಬಿಡ್ತದೆ. ಒಳಗೋಡೆಗೆ ಗುಳ್ಳೆ ಪ್ಲಾಸ್ಟಿಕ್, ಗಿಡದ ಮೇಲೆ ಫ್ಲೀಸ್ ಬಟ್ಟೆ. ಒಂದೊಂದೂ ಒಂದೊಂದು ಡಿಗ್ರಿ ಅಷ್ಟೇ, ಆದ್ರೆ ಒಟ್ಟು ಸೇರಿದ್ರೆ ಆಯ್ತದೆ.

ವಿದ್ಯಾನಗರ_ಅಪ್ಪಾಜಿ · ಜುಲೈ 2

ಇಲ್ಲಿ ರಾತ್ರಿ ಹತ್ತೂವರೆಗೂ ಬೆಳಕು, ನಿದ್ದೆ ಬರವಲ್ದು. ಗಿಡ ಒಳಗೆ ಹೋಗಿದ್ದು ಜೂನ್ 3ಕ್ಕೆ. ಮೊದಲ ಹೂ ಬಂದಾವೆ. ಬೂತಗನ್ನಡಿ ಹಿಡಿದು ನೋಡಿದೆ, ಎಂಎಸ್ಸಿಯವ್ರು ಹೇಳ್ದಂಗೇ ಐತಿ, ಹಸಿರು ಕಡ್ಡಿ ಮೂರರಲ್ಲಿ ಮೇಲೆ, ಎರಡರಲ್ಲಿ ಒಳಗೆ. ಮೇಲಿದ್ದಕ್ಕೆ ಕೆಂಪು ದಾರ ಕಟ್ಟೀನಿ ಗುರ್ತಿಗೆ.

ಒಂದು ಜಗಳ ಬಗೆಹರಿಸ್ರಿ. ಅಳಿಯ ಅಂತಾನೆ ಬೋನಿಕಾ ಕುಡಿ ಚಿವುಟಬೇಕು, ಐದಾರು ಕಾಯಿ ಕಟ್ಟಿದ ಮೇಲೆ ಮಿಕ್ಕ ಹೂವೆಲ್ಲ ತೆಗೀಬೇಕು ಅಂತ. ನನಗೆ ಹೊಟ್ಟೆ ಉರೀತೈತಿ, ಇಷ್ಟು ಕಷ್ಟಪಟ್ಟು ಬಂದ ಹೂ ಕೀಳೋದಾ?

ಚಳ್ಳಕೆರೆ_ಶೇಂಗಾ

ಕೀಳಬೇಡಿ!! ಹೂ ಕಿತ್ತೋರು ಉದ್ಧಾರ ಆಗಿದ್ದು ನಾನಂತೂ ನೋಡಿಲ್ಲ. ನಮ್ಮ ಗಿಡದಲ್ಲಿ ಒಂದೊಂದಕ್ಕೆ ನಲವತ್ತು ಕಾಯಿ ಬಿಡಿಸೀನಿ, ಯಾವತ್ತೂ ಚಿವುಟಿಲ್ಲ.

ಕೆಂಡಸಂಪಿಗೆ_ಗ್ಲಾಸ್ಗೋ

ಅಳಿಯನೇ ಸರಿ. ಚಳ್ಳಕೆರೆಯ ಅಣ್ಣ, ನಿಮ್ಮ ಗಿಡಕ್ಕೆ ಆರೇಳು ತಿಂಗಳು ಬಿಸಿಲಿದೆ, ಕೂಳೆ ಬಿಟ್ಟರೆ ಇನ್ನೊಂದು ವರ್ಷವೂ ಬರುತ್ತೆ. ಇಲ್ಲಿ ಈಗಿಂದ ಲೆಕ್ಕ ಹಾಕಿದ್ರೆ ಹತ್ತು ವಾರ. ಇಪ್ಪತ್ತು ಕಾಯಿ ಬಿಟ್ಟರೆ ಇಪ್ಪತ್ತೂ ಗೋಲಿ ಗಾತ್ರದಲ್ಲೇ ನಿಂತು ಅಕ್ಟೋಬರ್ ಬರುತ್ತೆ. ದೊಡ್ಡ ಕಾಯಿ ತಳಿಗೆ ಐದಾರು ಸಾಕು. ಬೇಬಿ ರೋಸಾನಾಗೆ ಈ ಲೆಕ್ಕ ಬೇಡ, ಹೂ ಹಂಗೇ ಬಿಡಿ. ಕಾಯಿ ಕಂಡ ಮೇಲೆ ವಾರಕ್ಕೊಂದು ಸಲ ಟೊಮೆಟೊಗೆ ಕೊಡೋ ಪೊಟ್ಯಾಷ್ ಜಾಸ್ತಿ ಇರೋ ದ್ರವ ಗೊಬ್ಬರ.

ಚಳ್ಳಕೆರೆ_ಶೇಂಗಾ

ಹತ್ತು ವಾರ ಅಂದ್ರೆ... ಹೂಂ. ಹಂಗಾದ್ರೆ ಕೀಳ್ಲಿ. ಆದ್ರೂ ನನ್ನ ಕೈಲಿ ಆಗ್ತಿರ್ಲಿಲ್ಲ.

ವಿದ್ಯಾನಗರ_ಅಪ್ಪಾಜಿ · ಸೆಪ್ಟೆಂಬರ್ 14

ವರದಿ ಒಪ್ಪಿಸ್ತಾ ಇದೀನಿ. ಬೋನಿಕಾ ಎರಡು ಗಿಡಕ್ಕೆ ಏಳು ಕಾಯಿ, ದೊಡ್ಡದು ತೂಕ ಮಾಡಿದ್ರೆ 280 ಗ್ರಾಂ. ಕಸಿ ಗಿಡ ಒಂದಕ್ಕೇ ಆರು, ಅದು ಎಲ್ಲಕ್ಕಿಂತ ಎರಡು ವಾರ ಮುಂಚೆ ಕೊಡ್ತು. ಬೇಬಿ ರೋಸಾನಾ ಮೂರರಿಂದ ಹದಿನೇಳು. ಕೆಂಪು ದಾರ ಕಟ್ಟಿದ ಮೂರು ಹೂವಲ್ಲಿ ಎರಡು ಕಾಯಿ ಆದ್ವು, ದಾರ ಇಲ್ಲದ ಎರಡೂ ಉದುರಿದ್ವು. ಟೂತ್‌ಬ್ರಷ್ ಡ್ಯೂಟಿ ನಂದೇ, ಪಕ್ಕದ ಮನೆ ಅಜ್ಜ ಬೇಲಿ ಮೇಲಿಂದ ಒಂದು ವಾರ ನೋಡಿ ಕೊನೆಗೆ ಕೇಳೇಬಿಟ್ಟ ಏನ್ ಮಾಡ್ತಿದೀರಿ ಅಂತ. ಈಗ ಅವ್ನೂ ತನ್ನ ಟೊಮೆಟೊಗೆ ಮಾಡ್ತಾನೆ.

ಶನಿವಾರ ಎಣ್ಣೆಗಾಯಿ ಆತು. ಶೇಂಗಾ, ಗುರೆಳ್ಳು, ಒಣಕೊಬ್ಬರಿ ಎಲ್ಲ ಹುರಿದು ಪುಡಿ ಮಾಡಿ, ದುಂಡು ಕಾಯಿ ನಾಲ್ಕು ಸೀಳಿ ತುಂಬಿ. ಕಾಯಿ ಸಿಪ್ಪೆ ಹೊಳೀತಿರುವಾಗಲೇ ಕೊಯ್ದಿದ್ದು, ಮಂಕಾಗೋ ತನಕ ಬಿಟ್ಟಿದ್ದು ಒಂದೇ ಒಂದು, ಅದರ ಬೀಜ ಕಂದಾಗಿ ಕಹಿ ಇತ್ತು. ನನ್ನ ಹೆಂಡ್ತಿ ತಿಂದು 'ಮುಳ್ಳಿಲ್ಲ ಅಂತ ಗೊತ್ತಾಗ್ತೈತಿ' ಅಂದ್ಲು. ಏನು ಗೊತ್ತಾಗ್ತೈತೋ ನಂಗಂತೂ ಗೊತ್ತಾಗ್ಲಿಲ್ಲ.

ಮಂಡಕ್ಕಿ_ಮಿರ್ಚಿ

ಆಂಟಿಗೆ ಪೊಟ್ಟಣದ ಸಿಟ್ಟು ಇನ್ನೂ ಇಳಿದಿಲ್ಲ

ಚಳ್ಳಕೆರೆ_ಶೇಂಗಾ

ಶೇಂಗಾ ಎಲ್ಲೀದು?

ವಿದ್ಯಾನಗರ_ಅಪ್ಪಾಜಿ

ಇಲ್ಲಿನ ಅಂಗಡೀದು ಅಣ್ಣ, ನಿಮ್ಮೂರದ್ದಲ್ಲ, ಕ್ಷಮಿಸ್ರಿ. ಗಿಡ ಏನ್ ಮಾಡ್ಲಿ? ಅಕ್ಟೋಬರ್ ಕೊನೆಗೆ ನಾವು ವಾಪಸ್. ನಮ್ಮಲ್ಲಿ ಥರ ಕತ್ತರಿಸಿ ಕೂಳೆ ಬಿಟ್ರೆ ಮುಂದಿನ ವರ್ಷಕ್ಕೆ ಬರ್ತಾವಾ?

ಕೆಂಡಸಂಪಿಗೆ_ಗ್ಲಾಸ್ಗೋ

ಹೀಟರ್ ಇಲ್ಲದೆ ಆಗಲ್ಲ. ಡಿಸೆಂಬರಲ್ಲಿ ಅಬರ್ಡೀನಿಗೆ ಹಗಲು ಏಳು ಗಂಟೆನೂ ಇರಲ್ಲ. ಮನೆ ಒಳಗೆ ಇಟ್ಟರೂ ಹೇನು ಹತ್ತಿ ಬಡಕಲಾಗುತ್ತೆ, ನಾನು ಒಂದು ವರ್ಷ ಒದ್ದಾಡಿ ನೋಡಿದೀನಿ. ಕಿತ್ತು ಕಾಂಪೋಸ್ಟಿಗೆ ಹಾಕಿ, ಫೆಬ್ರವರಿಗೆ ಹೊಸದು.

ವಿದ್ಯಾನಗರ_ಅಪ್ಪಾಜಿ

ಆತು. ಕಿತ್ತು ಹಾಕೋ ಕೆಲಸ ಅಳಿಯನಿಗೇ ಬಿಡ್ತೀನಿ. ಥರ್ಮಾಮೀಟರ್ ಮಾತ್ರ ನಾನು ತರ್ತಾ ಇದೀನಿ, ಮಗಳು ಬೇರೆ ಕೊಂಡ್ಕೊಂತಾಳಂತೆ. ಏಪ್ರಿಲಲ್ಲಿ ನಮ್ಮ ಟೆರೇಸ್ ಮೇಲೆ ಬದನೆ ಕುಂಡದ ಪಕ್ಕ ನೇತಾಕಿ ನೋಡ್ಬೇಕು.

ಹಿರಿಯೂರು_ಪಾಲಿಹೌಸ್

ಅದು 50ರ ತನಕ ತಾನೇ ಇರೋದು? ನೆರಳಲ್ಲಿ ನೇತಾಕಿ ಸಾರ್, ದಾವಣಗೆರೆ ಟೆರೇಸ್ ಬಿಸಿಲಿಗೆ ಒಡೆದೋದ್ರೆ ನನ್ನ ಬೈಬೇಡಿ.